ಬಂದದ್ದು ಸುವಾರ್ತೆಗೆ, ಬಿಟ್ಟುಹೋದದ್ದು ಪತ್ರಿಕೆ: ರೆ. ಹರ್ಮನ್ ಮೊಗ್ಲಿಂಗ್ ಮತ್ತು ಅವರ ಶಿಷ್ಯ ಪರಂಪರೆ

ಪ್ರತಿ ವರ್ಷ ಜುಲೈ 1 ಬಂತೆಂದರೆ ಕನ್ನಡ ಪತ್ರಿಕಾ ದಿನಾಚರಣೆ. ಊರಿನಲ್ಲಿ ಮಾತ್ರವಲ್ಲ, ಹೊರನಾಡಿನ ಕನ್ನಡ ಸಂಘಗಳಲ್ಲೂ ದೀಪ ಬೆಳಗುತ್ತದೆ, ಹಿರಿಯ ಪತ್ರಕರ್ತರೊಬ್ಬರಿಗೆ ಶಾಲು ಹೊದಿಸಿ ಫಲಪುಷ್ಪ ನೀಡಲಾಗುತ್ತದೆ. ಸ್ವಾಗತ ಭಾಷಣದಲ್ಲಿ ತಪ್ಪದೆ ಒಂದು ಹೆಸರು ಬರುತ್ತದೆ: ಹರ್ಮನ್ ಮೊಗ್ಲಿಂಗ್. 1843ರ ಜುಲೈ 1ರಂದು ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದವರು ಅವರೇ ಎಂಬಲ್ಲಿಗೆ ಆ ಪ್ರಸ್ತಾಪ ಮುಗಿದು, ಮಾತು ಮುಖ್ಯ ಅತಿಥಿಗಳ ಪರಿಚಯಕ್ಕೆ ಹೊರಳುತ್ತದೆ.

ಆದರೆ ಮೊಗ್ಲಿಂಗ್ ಪತ್ರಿಕೆ ನಡೆಸಲೆಂದು ಕಡಲು ದಾಟಿ ಬಂದವರಲ್ಲ. ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಲೆಂದೂ ಅಲ್ಲ. ಅವರು ಬಂದದ್ದು ಏಸುಕ್ರಿಸ್ತನ ಸುವಾರ್ತೆಯನ್ನು ಸಾರಲು. ಆ ಕೆಲಸದಲ್ಲಿ ಅವರು ಹಾಕಿಕೊಂಡ ದೊಡ್ಡ ಯೋಜನೆಗಳಲ್ಲಿ ಕೆಲವು ಕಣ್ಣೆದುರೇ ಕುಸಿದವು. ಉಳಿದದ್ದು ಬೇರೆಯೇ. ಜತೆಗಿಟ್ಟುಕೊಂಡು ಕಲಿಸಿದ ಕೆಲವು ಹುಡುಗರು, ಕಲಿಸುವ ಅನಿವಾರ್ಯತೆಯಿಂದ ಹುಟ್ಟಿಕೊಂಡ ಅಚ್ಚುಕೂಟ, ಜನರ ಮನಸ್ಸನ್ನು ಅರಿಯಲೆಂದು ಕೂಡಿಟ್ಟ ತಾಳೆಗರಿಗಳು. ಇದಾವುದೂ ಬಾಸೆಲ್‌ನಿಂದ ಹೊರಡುವಾಗ ಅವರ ಚೀಲದಲ್ಲಿದ್ದ ನಕ್ಷೆಯಲ್ಲಿರಲಿಲ್ಲ.

ಈ ಕತೆಗೆ ಮುಂಬಯಿಯ ನಂಟು ಎರಡು ಕಡೆಯಿಂದ ಇದೆ. ಒಂದು ಆರಂಭದಲ್ಲೇ ಇದೆ, ಅದು ಮುಂದೆ ಬರಲಿದೆ. ಇನ್ನೊಂದು ಇತ್ತೀಚಿನದು. 19ನೇ ಶತಮಾನದಲ್ಲಿ ಹೊಸಗನ್ನಡ ಹೇಗೆ ರೂಪುಗೊಂಡಿತು, ಅದರಲ್ಲಿ ಮಿಶನರಿಗಳ ಪಾಲೆಷ್ಟು ಎಂಬುದನ್ನು ದಾಖಲೆ ಸಮೇತ ವಿವರಿಸಿದ 'ಹೊಸಗನ್ನಡದ ಅರುಣೋದಯ'ದ ಕರ್ತೃ ಡಾ. ಶ್ರೀನಿವಾಸ ಹಾವನೂರರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ದುಡಿದವರು. ವಿಜ್ಞಾನಿಗಳ ನಡುವೆ ಕುಳಿತು ಕನ್ನಡದ ಹಳೆಯ ಕಾಗದಪತ್ರಗಳ ಜಾಡು ಹಿಡಿದವರು. 2010ರಲ್ಲಿ ಅವರು ತೀರಿಕೊಂಡರು. ಮೊಗ್ಲಿಂಗರ ಬಗ್ಗೆ ಇಂದು ಕನ್ನಡಿಗರು ಇಷ್ಟಾದರೂ ಮಾತಾಡುತ್ತಿದ್ದರೆ ಅದರ ಹಿಂದೆ ಹಾವನೂರರ ಶ್ರಮ ಬಹಳಷ್ಟಿದೆ.

ಕುಸಿದ ಕನಸು

ಹರ್ಮನ್ ಫ್ರೀಡ್ರಿಶ್ ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಓದಿದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ, ದೇವಶಾಸ್ತ್ರ. ಮುಂದೆ ಮಲಯಾಳಕ್ಕೆ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಅವರ ಗೆಳೆಯರು. ಓದು ಮುಗಿಸಿದ ತರುಣನಿಗೆ ತನ್ನ ಸೀಮೆಯಲ್ಲೇ ಒಂದು ಸಭೆಯ ಪಾದ್ರಿಯಾಗಿ, ಸ್ವಂತ ಮನೆ, ಹಿತ್ತಿಲ ತೋಟ ಎಂದು ನೆಮ್ಮದಿಯಾಗಿರುವ ದಾರಿಯಿತ್ತು. ಅದನ್ನು ಬಿಟ್ಟು ಅವರು ಸ್ವಿಟ್ಸರ್ಲೆಂಡಿನ ಬಾಸೆಲ್ ಮಿಶನ್ ಸೇರಿ 1836ರಲ್ಲಿ ಮಂಗಳೂರಿಗೆ ಬಂದರು. ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರಿಗೆ ಕಾಲಿಟ್ಟು ಆಗ ಎರಡೇ ವರ್ಷವಾಗಿತ್ತು.

ಆ ಸೀಮೆಯ ಭಕ್ತಿಮಾರ್ಗದ ಬಗ್ಗೆ ಒಂದು ಮಾತು ಹೇಳಬೇಕು. ಬಾಸೆಲ್ ಮಿಶನ್ನಿಗೆ ಆಳುಗಳನ್ನು ಕೊಟ್ಟದ್ದು ವುರ್ಟೆಂಬರ್ಗಿನ ಪಯಟಿಸ್ಟ್ ಎಂಬ ಭಕ್ತ ಕುಟುಂಬಗಳು. ಆಡಂಬರದ ಪೂಜೆಗಿಂತ ಮನೆಯಲ್ಲಿ ಕೂಡಿ ಬೈಬಲ್ ಓದುವುದು, ಕೈಕೆಲಸವನ್ನು ಕೀಳೆಂದು ತಿಳಿಯದಿರುವುದು, ಪ್ರತಿಯೊಬ್ಬನೂ ದೇವರ ಮಾತನ್ನು ತನ್ನ ತಾಯಿನುಡಿಯಲ್ಲೇ ಓದಬೇಕೆನ್ನುವುದು ಅವರ ರೀತಿ. ಈ ಕೊನೆಯ ಮಾತೇ ಮುಂದಿನ ಕತೆಗೆಲ್ಲ ಬೀಗದ ಕೈ. ದೇವರ ಮಾತು ತಾಯಿನುಡಿಯಲ್ಲಿ ತಲುಪಬೇಕೆಂದರೆ ಸಾರುವವನಿಗೆ ಆ ನುಡಿ ಬರಬೇಕು. ಪೇಟೆಯಲ್ಲಿ ಸಾಮಾನು ಕೊಳ್ಳುವಷ್ಟಲ್ಲ, ಕೇಳುವವನ ಎದೆಯಲ್ಲಿ ಏನಿದೆ ಎಂದು ತಿಳಿಯುವಷ್ಟು.

ಮೊಗ್ಲಿಂಗ್ ಮೊದಲು ಹುಬ್ಬಳ್ಳಿ-ಧಾರವಾಡದ ಕಡೆ ತಿರುಗಾಡಿದರು. ಅಲ್ಲಿ ಅವರಿಗೆ ದೊಡ್ಡ ಆಸೆಯೊಂದು ಹುಟ್ಟಿತು. ಕಾಲಜ್ಞಾನದ ವಚನಗಳನ್ನು ನಂಬಿ, ಪಶ್ಚಿಮದಿಂದ ಉದ್ಧಾರಕರು ಬರುವ ಕಾಲ ಸನ್ನಿಹಿತವಾಯಿತೆಂದು ಕಾಯುತ್ತಿದ್ದ ಲಿಂಗಾಯತ ಭಕ್ತರ ಗುಂಪೊಂದು ಮಿಶನರಿಗಳ ಬಳಿ ಬಂದು ಮಾತುಕತೆ ನಡೆಸಿತು. ಹಳ್ಳಿಗೆ ಹಳ್ಳಿಯೇ ಕ್ರಿಸ್ತನ ಬಳಿಗೆ ಬರಲಿದೆ ಎಂದು ಮಿಶನರಿಗಳು ನಂಬಿದರು. ಗದಗ-ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ ಜಮೀನು ಪಡೆದು, ಬರುವವರಿಗೆಂದು ಬೇಸಾಯದ ನೆಲೆಯೊಂದನ್ನು ಹೂಡಿದರು. ನಕ್ಷೆ, ಲೆಕ್ಕ, ಹಣ ಎಲ್ಲ ಸಿದ್ಧವಾಗಿತ್ತು. ಜನ ಮಾತ್ರ ಬರಲಿಲ್ಲ. ಕೆಲವು ವರ್ಷಗಳಲ್ಲಿ ಆ ಪ್ರಯತ್ನವನ್ನೇ ಕೈಬಿಡಬೇಕಾಯಿತು.

ಇಲ್ಲಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ತಪ್ಪಾಗಿ ಓದಿಕೊಂಡರೆಂದೇ ಹೇಳಬೇಕು. ಕಾಲಜ್ಞಾನ ಎಂದರೇನು, ಅದನ್ನು ನಂಬುವವರು ಕಾಯುವುದು ಯಾರನ್ನು ಎಂಬುದು ಹೊಸದಾಗಿ ಬಂದ ಜರ್ಮನ್ ತರುಣರಿಗೆ ತಿಳಿದಿರಲಿಲ್ಲ. ಇದೇ ಮೊಗ್ಲಿಂಗ್ ಮುಂದೆ 'ಬಸವ ಪುರಾಣ' ಮತ್ತು 'ಚನ್ನಬಸವ ಪುರಾಣ'ಗಳನ್ನು ಅಚ್ಚು ಹಾಕಿಸಲು ಕುಳಿತರೆಂಬುದು ಆಕಸ್ಮಿಕವಾಗಿರಲಾರದು.

ಬಲ್ಮಠದ ಹುಡುಗರು

ದೊಡ್ಡ ಗುಂಪನ್ನು ಕಾಯುವುದನ್ನು ಬಿಟ್ಟು ಮೊಗ್ಲಿಂಗ್ ಮಂಗಳೂರಿನಲ್ಲಿ ಕೆಲವೇ ಹುಡುಗರನ್ನು ಹಿಡಿದು ಕುಳಿತರು. 1838ರಲ್ಲಿ ಇಂಗ್ಲಿಷ್ ಶಾಲೆ ಶುರುವಾಯಿತು. ಸರಕಾರಿ ಕಚೇರಿಗಳಲ್ಲಿ ನೌಕರಿ ಹಿಡಿಯುವ ಆಸೆಯಿಂದ ಊರ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗರೂ ಅಲ್ಲಿಗೆ ಬಂದರು. ಇನ್ನೊಂದು ಕಡೆ, ಕ್ರೈಸ್ತರಾದವರ ಮಕ್ಕಳಿಗೂ ಉಪದೇಶಿಗಳಾಗಲಿರುವವರಿಗೂ ಬಲ್ಮಠದ ಗುಡ್ಡದಲ್ಲಿ ವಸತಿ ಶಾಲೆ. ಬಿಳಿಯರು ಬಂಗಲೆಯಲ್ಲಿದ್ದು, ಕಲಿಯುವವರು ಹೊರಗಿನ ಕೊಟ್ಟಿಗೆಯಲ್ಲಿರುವುದು ಆ ಕಾಲದ ವಾಡಿಕೆ. ಮೊಗ್ಲಿಂಗ್ ಅದನ್ನು ಒಪ್ಪಲಿಲ್ಲ. ಹುಡುಗರಿದ್ದ ಸೂರಿನಡಿಯಲ್ಲೇ ಇದ್ದರು, ಅವರು ಉಂಡ ಅನ್ನ-ಸಾರನ್ನೇ ಉಂಡರು. ಜತೆಗಾರ ಮಿಶನರಿಗಳಿಗೆಲ್ಲ ಇದು ಹಿಡಿಸಿತೆಂದು ಹೇಳುವಂತಿಲ್ಲ. ಆದರೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ ಪಾಠ ಗಂಟೆಗೆ ಮುಗಿಯುವುದಿಲ್ಲ. ಹುಡುಗರು ಅವರಿಂದ ಕಲಿಯುವಷ್ಟೇ ಅವರು ಹುಡುಗರಿಂದ ಕನ್ನಡ ಕಲಿಯುತ್ತಾರೆ.

ಇಂಗ್ಲಿಷ್ ಶಾಲೆಗೆ ಬರುತ್ತಿದ್ದವರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಹುಡುಗನೊಬ್ಬನಿದ್ದ. 1825ರಲ್ಲಿ ಹುಟ್ಟಿದವನು, ಸಾರಸ್ವತ ಮನೆತನ, ಎಳವೆಯಲ್ಲೇ ಮದುವೆಯೂ ಆಗಿತ್ತು. 1844ರ ಜನವರಿ 6ರಂದು ಆನಂದರಾವ್ ಮತ್ತಿಬ್ಬರು ತರುಣರೊಂದಿಗೆ ದೀಕ್ಷಾಸ್ನಾನ ಪಡೆದರು. ಗುರುವಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು.

ಮಂಗಳೂರು ಅಲ್ಲೋಲಕಲ್ಲೋಲವಾಯಿತು. ಮಕ್ಕಳನ್ನು ಇಂಗ್ಲಿಷ್ ಕಲಿಯಲು ಕಳುಹಿಸಿದ್ದ ಮನೆಗಳು ಶಾಲೆಯಿಂದ ಮಕ್ಕಳನ್ನು ಹಿಂದಕ್ಕೆ ಕರೆಸಿಕೊಂಡವು. ಮನೆಮನೆಯ ಅಂಗಳದಲ್ಲಿ ಬೈಗುಳ, ಅಳು. ಈ ಭಾಗವನ್ನು ಸಭೆಗಳ ಭಾಷಣದಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಬಿಡಬಾರದು. ಮೊಗ್ಲಿಂಗ್ ಪತ್ರಿಕೆ ಕೊಟ್ಟ ಮಹಾನುಭಾವರು ಮಾತ್ರವಲ್ಲ, ಒಂದು ಮನೆಯ ಮಗನನ್ನು ಆ ಮನೆಯಿಂದ ಹೊರಗೆ ಕರೆದವರೂ ಹೌದು. ತನ್ನ ನಂಬಿಕೆಯ ಪ್ರಕಾರ ಅವರು ಆ ಹುಡುಗನಿಗೆ ಅತ್ಯಂತ ದೊಡ್ಡ ಉಪಕಾರ ಮಾಡಿದ್ದರು. ಹುಡುಗನ ತಾಯಿತಂದೆಯ ಪಾಲಿಗೆ ಮಗ ಇದ್ದೂ ಇಲ್ಲವಾಗಿದ್ದ. ಎರಡೂ ನಿಜ. ಆನಂದರಾವ್ ಹೋದದ್ದು ಯಾರದೋ ಆಮಿಷಕ್ಕಲ್ಲ ಎಂಬುದಂತೂ ಅವರ ಮುಂದಿನ ಐವತ್ತು ವರ್ಷಗಳ ಬದುಕಿನಿಂದ ಸ್ಪಷ್ಟವಿದೆ. ಕಳೆದುಕೊಂಡದ್ದು ಮನೆ, ಬಂಧುಬಳಗ. ಕೈಹಿಡಿದ ಹೆಂಡತಿಯಿಂದ ವರ್ಷಗಟ್ಟಲೆ ದೂರವೇ ಇರಬೇಕಾಯಿತು.

ಮೊಗ್ಲಿಂಗ್ ಈ ಶಿಷ್ಯನನ್ನು ದುಬಾಶಿಯಾಗಿಯೋ ಗುಮಾಸ್ತನಾಗಿಯೋ ಉಳಿಸಿಕೊಳ್ಳಲಿಲ್ಲ. 1846ರಿಂದ 1851ರ ತನಕ ಆನಂದರಾವ್ ಬಾಸೆಲ್‌ನಲ್ಲಿ, ಯುರೋಪಿನ ತರುಣರ ಸಾಲಿನಲ್ಲೇ ಕುಳಿತು ಓದಿದರು. ಅಭಿಷೇಕ ಪಡೆದ ಪಾದ್ರಿಯಾಗಿ ಮಂಗಳೂರಿಗೆ ಮರಳಿದರು. ಬಾಸೆಲ್ ಮಿಶನ್ನಿನಲ್ಲಿ ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರು. ಕರಿಯರೂ ಬಿಳಿಯರೂ ಒಂದೇ ಮೇಜಿನಲ್ಲಿ ಕೂರುವುದು ಕಲ್ಪನೆಗೂ ನಿಲುಕದಿದ್ದ ಆ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಮುಂಬಯಿಯಿಂದ ಬಂದ ಕಲ್ಲು

ಇನ್ನು ಅಚ್ಚುಕೂಟದ ವಿಚಾರ. ಶಾಲೆಯಿದ್ದರೆ ಪುಸ್ತಕ ಬೇಕು. ಕನ್ನಡ ಅಚ್ಚುಮೊಳೆ ಇದ್ದದ್ದು ಬಳ್ಳಾರಿ, ಮದರಾಸಿನಂಥ ದೂರದ ಊರುಗಳಲ್ಲಿ. 1841ರಲ್ಲಿ ಮೊಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆದ ಗಾಟ್‌ಫ್ರೀಡ್ ವೈಗ್ಲೆ ಮುಂಬಯಿಗೆ ಹೋಗಿದ್ದವರು ಬರುವಾಗ ಕಲ್ಲಚ್ಚಿನ ಯಂತ್ರವನ್ನೂ ಅದನ್ನು ನಡೆಸಬಲ್ಲ ಮರಾಠಿ ಕೆಲಸಗಾರರನ್ನೂ ಕರೆತಂದರು. ಮಂಗಳೂರಿನ ಪ್ರಸಿದ್ಧ ಬಾಸೆಲ್ ಮಿಶನ್ ಪ್ರೆಸ್ಸಿನ ಆರಂಭ ಇದು. ಮಂಗಳೂರಿನವರು ಮುಂಬಯಿಗೆ ಹೊಟ್ಟೆಪಾಡಿಗೆ ಬರುವುದಕ್ಕೆ ಎಷ್ಟೋ ಮೊದಲೇ ಮುಂಬಯಿಯ ಮುದ್ರಕರು ಮಂಗಳೂರಿಗೆ ಹೊಟ್ಟೆಪಾಡಿಗೆ ಹೋಗಿದ್ದರು ಎಂಬುದನ್ನು ಇಲ್ಲಿನ ತುಳು-ಕನ್ನಡಿಗರು ನೆನಪಿಟ್ಟುಕೊಳ್ಳಬಹುದು.

ಕಲ್ಲಚ್ಚು ಎಂದರೆ ಮೊಳೆ ಜೋಡಿಸುವ ಕೆಲಸವಲ್ಲ. ಜಿಡ್ಡಿನ ಶಾಯಿಯಲ್ಲಿ ಒಂದು ಹಾಳೆಯ ಮೇಲೆ ಪುಟವನ್ನು ಕೈಯಿಂದಲೇ ಬರೆಯಬೇಕು. ಅದನ್ನು ನುಣುಪಾಗಿ ಉಜ್ಜಿದ ಸುಣ್ಣಗಲ್ಲಿನ ಮೇಲೆ ಒತ್ತಿದಾಗ ಬರಹ ಕಲ್ಲಿಗೆ ಇಳಿಯುತ್ತದೆ. ಕಲ್ಲನ್ನು ಒದ್ದೆ ಮಾಡಿ ಮಸಿ ಹಚ್ಚಿದರೆ ನೀರು ಇರುವಲ್ಲಿ ಮಸಿ ನಿಲ್ಲದು, ಜಿಡ್ಡಿನ ಅಕ್ಷರಗಳ ಮೇಲೆ ಮಾತ್ರ ಹಿಡಿಯುತ್ತದೆ. ಹಾಗಾಗಿ ಆ ಕಾಲದ ಬಲ್ಮಠದ ಪುಸ್ತಕಗಳಲ್ಲಿ ಕಾಣುವುದು ಊರಿನ ಬರಹಗಾರರ ದುಂಡು ಕೈಬರಹ. ಕನ್ನಡದ ಮೊದಲ ಪತ್ರಿಕೆಯೂ ಹೀಗೆ ಕೈಬರಹದಲ್ಲೇ ಹುಟ್ಟಿದ್ದು.

'ಮಂಗಳೂರ ಸಮಾಚಾರ' ನಾಲ್ಕು ಪುಟದ ಪಾಕ್ಷಿಕ. ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ಆಜ್ಞೆಗಳು, ಪರರಾಜ್ಯಗಳ ಸುದ್ದಿ, ಅಚ್ಚರಿಯ ಸಂಗತಿಗಳು, ನೀತಿಯ ಮಾತು, ಕತೆ ಇವೆಲ್ಲ ಅದರಲ್ಲಿದ್ದವು. ಮಿಶನರಿಯ ಪತ್ರಿಕೆಯಾದ್ದರಿಂದ ಪೂರ್ತಿ ಬೈಬಲ್ಲೇ ತುಂಬಿರಬೇಕು ಎಂದುಕೊಂಡವರಿಗೆ ಈ ಪಟ್ಟಿಯೇ ಉತ್ತರ. ಕಟ್ಟೆಯಲ್ಲಿ ಕುಳಿತವರ ಬಾಯಿಯಿಂದ ಬಾಯಿಗೆ ಹಾರುವ ಗಾಳಿಸುದ್ದಿಯನ್ನೇ ನಂಬಿದ್ದ ಊರಿಗೆ ಬರೆದಿಟ್ಟ ಸುದ್ದಿಯ ರುಚಿ ಹತ್ತಿದ್ದು ಅಲ್ಲಿಂದ. 1844ರಲ್ಲಿ, ದೊಡ್ಡ ಪ್ರಮಾಣದ ಮುದ್ರಣಕ್ಕೆ ಅನುಕೂಲವಿದ್ದ ಬಳ್ಳಾರಿಗೆ ಪತ್ರಿಕೆ ಸ್ಥಳಾಂತರಗೊಂಡಿತು. ಅಲ್ಲಿ ಅಚ್ಚುಮೊಳೆಗಳಲ್ಲಿ 'ಕನ್ನಡ ಸಮಾಚಾರ' ಎಂಬ ಹೆಸರಿನಿಂದ ಹೊರಬಂತು. ಒಂದು ಊರಿನ ಹೆಸರು ಹೊತ್ತ ಪತ್ರಿಕೆ ಒಂದು ನುಡಿಯ ಹೆಸರು ಹೊತ್ತದ್ದು ಹೀಗೆ. ಹೆಚ್ಚು ಕಾಲ ಅದು ನಡೆಯಲಿಲ್ಲ. ಮೊಗ್ಲಿಂಗರ ಪತ್ರಿಕಾ ಬದುಕು ಅಷ್ಟೇ. ಪಿತಾಮಹ ಎಂಬ ಬಿರುದು ನಂತರದವರು ಕೊಟ್ಟದ್ದು.

ದಾಸರ ಪದಗಳನ್ನು ಕೂಡಿಟ್ಟ ಪಾದ್ರಿ

ನಿಜ ಹೇಳಬೇಕೆಂದರೆ ಪತ್ರಿಕೆಗಿಂತ ದೊಡ್ಡ ಕೆಲಸ ಅನಂತರದ್ದು. 1848ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಬಲ್ಮಠದ ಕಲ್ಲಚ್ಚಿನಿಂದ ಹೊರಬಂದ ಪುಸ್ತಕಗಳನ್ನು ನೋಡಿ. 'ಜೈಮಿನಿ ಭಾರತ', 'ಬಸವ ಪುರಾಣ', 'ಚನ್ನಬಸವ ಪುರಾಣ', ಕುಮಾರವ್ಯಾಸನ ಭಾರತದ ಕೆಲವು ಪರ್ವಗಳು, ದಾಸರ ಪದಗಳು. ಇವುಗಳಲ್ಲಿ ಒಂದೂ ಕ್ರೈಸ್ತ ಪುಸ್ತಕವಲ್ಲ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದು ನಿವೃತ್ತರಾಗಿ ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕಾಸಮೇಜರ್ ಎಂಬ ಅಧಿಕಾರಿ ಈ ಕೆಲಸಕ್ಕೆ ಹಣ ಕೊಟ್ಟರು. ಓಲೆಗರಿಗಳನ್ನು ಹುಡುಕಿ ತಂದು, ಪಾಠ ಹೋಲಿಸಿ, ಪ್ರತಿ ಮಾಡಿಸಿ ಅಚ್ಚಿಗೆ ಒಪ್ಪಿಸಿದರು ಮೊಗ್ಲಿಂಗ್. ಕನ್ನಡ ಗಾದೆಗಳ ಸಂಗ್ರಹವನ್ನೂ ಅವರು ಪ್ರಕಟಿಸಿದರು.

ಪಾದ್ರಿಯೊಬ್ಬರು ಹೀಗೇಕೆ ಮಾಡಿದರು? ಅವರ ಉದ್ದೇಶ ಮಿಶನರಿಯದೇ. ಹೊಸದಾಗಿ ಬರುವ ಪಾದ್ರಿಗಳು ಜನರ ಮನಸ್ಸನ್ನು ತಿಳಿಯಬೇಕಾದರೆ ಜನ ಓದುವುದನ್ನು, ಹಾಡುವುದನ್ನು ತಿಳಿಯಬೇಕು ಎಂಬುದು ಅವರ ಹಂಬಲ. ಮಲಸಮುದ್ರದ ಪೆಟ್ಟು ತಿಂದವರು ಇನ್ನೇನು ಕಲಿಯಲು ಸಾಧ್ಯ! ಆದರೆ ಪುಸ್ತಕ ಒಮ್ಮೆ ಅಚ್ಚಾದ ಮೇಲೆ ಅದನ್ನು ಯಾರು ಯಾಕೆ ಓದಬೇಕೆಂದು ಅಚ್ಚು ಹಾಕಿಸಿದವರು ಹೇಳುವಂತಿಲ್ಲ. ಹರಿದಾಸರ ಹಾಡುಗಳು ಪುಸ್ತಕವಾಗಿ ಅಚ್ಚಾದದ್ದು 1850ರ ಆ ಸಂಕಲನದಲ್ಲಿ, ಬೈಬಲ್ ಹಂಚುವ ಅಚ್ಚುಕೂಟದಿಂದ. ಇಂದು ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಭಜನಾ ಮಂಡಳಿಯ ಮಹಿಳೆಯರು ದಾಸರ ಪದಗಳ ಪುಸ್ತಕ ತೆರೆದಾಗ, ಆ ಪುಸ್ತಕದ ಮುತ್ತಜ್ಜ ಜರ್ಮನ್ ಪಾದ್ರಿಯೊಬ್ಬರ ಮೇಜಿನ ಮೇಲೆ ಹುಟ್ಟಿದ್ದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಹೊಳೆಯಬೇಕಾದ ಅಗತ್ಯವೂ ಇಲ್ಲವೆನ್ನಿ.

1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ತನ್ನ ಹಳೆಯ ವಿದ್ಯಾರ್ಥಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡದ ಕೆಲಸಕ್ಕಾಗಿ ಈ ಗೌರವ ಪಡೆದವರಲ್ಲಿ ಮೊಗ್ಲಿಂಗರೇ ಮೊದಲಿಗರೆಂದು ಪರಿಗಣಿಸಲಾಗಿದೆ.

ಗಂಟುಮೂಟೆ ಕಟ್ಟಿದವರು ಕೊಡಗಿಗೆ

1852ರ ಸುಮಾರಿಗೆ ಮೊಗ್ಲಿಂಗರ ಆರೋಗ್ಯ ಕೆಟ್ಟಿತ್ತು. ಯುರೋಪಿಗೆ ಮರಳುವ ಸಿದ್ಧತೆ ನಡೆದಿತ್ತು. ಆಗ ಸನ್ಯಾಸಿಯ ವೇಷದ ಒಬ್ಬ ಕೊಡವ ಬಲ್ಮಠಕ್ಕೆ ಬಂದ. ಅಳಮಂಡ ಮನೆತನದ ಸೋಮಯ್ಯ. ಅವನು ಅಲ್ಲಿಯೇ ಉಳಿದು, 1853ರ ಆರಂಭದಲ್ಲಿ ಸ್ತೆಫಾನ ಎಂಬ ಹೆಸರಿನಿಂದ ಕ್ರೈಸ್ತನಾದ. ತನ್ನ ಊರಿಗೆ ಹಿಂದಿರುಗುವ ಅವನನ್ನು ಒಂಟಿಯಾಗಿ ಕಳುಹಿಸಲು ಮೊಗ್ಲಿಂಗರಿಗೆ ಮನಸ್ಸಾಗಲಿಲ್ಲ. ಹಡಗು ಹತ್ತಬೇಕಾಗಿದ್ದವರು ಘಟ್ಟ ಹತ್ತಿದರು. ಒಬ್ಬ ಮನುಷ್ಯನ ಹಿಂದೆ ಹೋದ ಆ ಪಯಣ ಏಳು ವರ್ಷದ ವಾಸ್ತವ್ಯವಾಯಿತು.

ಕೊಡಗಿನಲ್ಲಿ ಅವರು ಕಂಡದ್ದು ಜಮ್ಮದ ಹೊಲಗಳಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದ ಹೊಲೆಯ ಜನಾಂಗದವರ ಬವಣೆ. ಅವರಿಗೆ ನಿಲ್ಲಲು ನೆಲವಿರಲಿಲ್ಲ. ಈ ಹೊತ್ತಿಗೆ ಬಾಸೆಲ್‌ನಿಂದ ಮರಳಿದ್ದ ಕೌಂಡಿನ್ಯರು ಕೈಜೋಡಿಸಿ, ಹಣ ತೊಡಗಿಸಿ ಜಮೀನು ಕೊಂಡರು. ಅಲ್ಲಿ ಎದ್ದ ಊರೇ ಆನಂದಪುರ. ಶಿಷ್ಯನ ಹೆಸರಿನಲ್ಲಿ ಊರು, ಗುರುವಿನ ಹೆಸರು ಶಿಷ್ಯನ ಹೆಸರಿನ ಮುಂದೆ! 1855ರಲ್ಲಿ ಮೊಗ್ಲಿಂಗರ 'ಕೂರ್ಗ್ ಮೆಮಾಯ್ರ್ಸ್' ಬಂತು. ಕೊಡಗಿನ ಅರಸರ ಚರಿತ್ರೆಯಾದ 'ರಾಜೇಂದ್ರನಾಮೆ'ಯನ್ನೂ ಅಚ್ಚು ಹಾಕಿಸಿದರು. ಕೊಡಗಿನ ಚರಿತ್ರೆ ಬರೆಯುವವರು ಇಂದಿಗೂ ಅವುಗಳನ್ನು ಬದಿಗಿಡುವಂತಿಲ್ಲ.

1855ರಲ್ಲಿ ವೈಗ್ಲೆ ತೀರಿಕೊಂಡರು. ಅವರ ವಿಧವೆ ಪೌಲಿನೆಯನ್ನು ಮೊಗ್ಲಿಂಗ್ ಬಳಿಕ ಮದುವೆಯಾಗಿ ಗೆಳೆಯನ ಮಕ್ಕಳಿಗೆ ತಂದೆಯಾದರು. ಹೆಂಡತಿಯ ಆರೋಗ್ಯ ಕೆಟ್ಟಾಗ, 1860ರಲ್ಲಿ, ಎಲ್ಲರೂ ಜರ್ಮನಿಗೆ ಹೊರಟರು. ಮೊಗ್ಲಿಂಗ್ ಮತ್ತೆ ಕನ್ನಡ ನಾಡನ್ನು ಕಾಣಲಿಲ್ಲ.

ಹಿಂದೆ ಬಂದವರು

ಮೊಗ್ಲಿಂಗ್ ಕೊಡಗಿನ ಘಟ್ಟ ಹತ್ತಿದ 1853ರಲ್ಲೇ, 21ರ ಹರೆಯದ ತರುಣನೊಬ್ಬ ಬಾಸೆಲ್‌ನಿಂದ ಬಂದಿದ್ದ. ಫರ್ಡಿನಾಂಡ್ ಕಿಟ್ಟೆಲ್. ಮೊಗ್ಲಿಂಗ್ ಮತ್ತು ವೈಗ್ಲೆ ತುಳಿದ ಹಾದಿಯನ್ನೇ ಆತನೂ ಹಿಡಿದ. ಜನರ ಬಾಯಿಯ ಕನ್ನಡವನ್ನೂ ಓಲೆಗರಿಯ ಕನ್ನಡವನ್ನೂ ಒಟ್ಟಿಗೆ ಕಲಿಯುವ ಹಾದಿ ಅದು. ಸಾರುವ ಕೆಲಸ ಬಿಟ್ಟು ಪುಸ್ತಕದ ಹುಳುವಾದ ಎಂಬ ಗೊಣಗಾಟವನ್ನು ಕಿಟ್ಟೆಲ್ ಕೇಳಬೇಕಾಯಿತು. ಆದರೂ 'ಶಬ್ದಮಣಿದರ್ಪಣ', 'ಛಂದೋಂಬುಧಿ'ಗಳ ಮುದ್ರಣವಾಯಿತು, ಬಳಿಕ ನಿಘಂಟು. ಅದಕ್ಕೆ ಮಂಗಳೂರಿನ ಶಿವರಾಮ ಭಾರದ್ವಾಜ, ಮೈಸೂರಿನ ತಿರುಮಲೆ ಶ್ಯಾಮಣ್ಣ ಅವರಂಥ ಪಂಡಿತರು ಬೆನ್ನಿಗೆ ನಿಂತರು. ನಿಘಂಟು ಬಿಚ್ಚಿದರೆ ಶಬ್ದದ ಜತೆ ಗಾದೆಗಳು ಹೇರಳವಾಗಿ ಸಿಗುತ್ತವೆ. ಜನರ ನುಡಿಯಲ್ಲೇ ನುಡಿಯ ಸತ್ವವಿದೆ ಎಂಬ ಮೊಗ್ಲಿಂಗರ ನಂಬಿಕೆ ಅಲ್ಲಿ ಮುಂದುವರಿದಿದೆ.

ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಕಿಟ್ಟೆಲ್ ಪ್ರತಿಮೆಯಿದೆ, ಧಾರವಾಡದಲ್ಲಿ ಕಿಟ್ಟೆಲ್ ಕಾಲೇಜಿದೆ. ಇದು ನ್ಯಾಯವೇ. ಆದರೆ ಕೌಂಡಿನ್ಯರ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು? 1860ರಲ್ಲಿ ಅವರು ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬಾಕೆಯನ್ನು ಮದುವೆಯಾದರು. ವುರ್ಟೆಂಬರ್ಗಿನ ಹೆಣ್ಣುಮಗಳೊಬ್ಬಳು ಮಂಗಳೂರಿನ ಪಾದ್ರಿಯ ಮನೆ ತುಂಬಲು ಕಡಲು ದಾಟಿ ಬಂದಳು. ಮಂಗಳೂರಿನ ಸೆಮಿನರಿಯಲ್ಲಿ ಅವರು ಪಾಠ ಹೇಳಿದರು, ಕನ್ನಡ ಬೈಬಲ್ಲಿನ ಪರಿಷ್ಕರಣದಲ್ಲಿ ದುಡಿದರು, ಆನಂದಪುರದ ಬೇಸಾಯಗಾರರ ಹಿತ ನೋಡಿಕೊಂಡರು. ಮೊಗ್ಲಿಂಗ್ ಊರು ಬಿಟ್ಟ ಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಆ ಹೊರೆಯನ್ನು ಹೊತ್ತವರು ಕೌಂಡಿನ್ಯರು. ಅವರ ಕೈಯಲ್ಲಿ ಕಲಿತು ಹೊರಬಿದ್ದ ಉಪದೇಶಿಗಳೂ ಶಾಲಾ ಮಾಸ್ತರರೂ ಕರಾವಳಿಯಿಂದ ಧಾರವಾಡದ ತನಕ ಹರಡಿಕೊಂಡರು. ಯಾವ ಊರ ವೃತ್ತದಲ್ಲೂ ನಿಲ್ಲದ ಜನ ಅವರು. ಹಳ್ಳಿಯ ಶಾಲೆಯ ಕರಿಹಲಗೆಯ ಮುಂದೆ ನಿಂತು ಅಕ್ಷರ ತಿದ್ದಿಸಿದವರು.

ಮುಂಬಯಿಯ ಹಿರಿಯ ಕನ್ನಡಿಗರಿಗೆ ಇಂಥವರ ಪರಿಚಯ ಹೊಸದೇನಲ್ಲ. ಹಗಲು ಕೋಟೆ ಪ್ರದೇಶದ ಹೋಟೇಲು-ಕ್ಯಾಂಟೀನುಗಳಲ್ಲಿ ದುಡಿದು ಬಂದ ಹುಡುಗರನ್ನು ರಾತ್ರಿ ಶಾಲೆಯಲ್ಲಿ ಕೂರಿಸಿ ಮೆಟ್ರಿಕ್ ದಾಟಿಸಿದ ಮಾಸ್ತರರ ಹೆಸರು ಸ್ಮರಣ ಸಂಚಿಕೆಗಳ ಯಾವುದೋ ಮೂಲೆಯಲ್ಲಷ್ಟೇ ಇರುತ್ತದೆ. ಅವರ ಪಾಠ ಕೇಳಿದವರು ಮಾತ್ರ ಬ್ಯಾಂಕುಗಳಲ್ಲಿ, ಕೋರ್ಟುಗಳಲ್ಲಿ, ಸಂಘದ ಅಧ್ಯಕ್ಷ ಕುರ್ಚಿಯಲ್ಲಿ ಕುಳಿತಿದ್ದಾರೆ.

ಮಿಶನ್ ತಾನೇ ಯೋಜನೆ ಹಾಕಿ ಕಟ್ಟಿದ ಉದ್ದಿಮೆಗಳ ಗತಿ ಬೇರೆಯಾಯಿತು. ಮಗ್ಗಗಳು, 1865ರಿಂದ ಜೆಪ್ಪುವಿನ ಹೆಂಚಿನ ಕಾರ್ಖಾನೆ ಇವೆಲ್ಲ ಹೆಸರು ಮಾಡಿದವು. ಮಂಗಳೂರು ಹೆಂಚು ಮುಂಬಯಿಯ ಹಳೆಯ ಮಾಡುಗಳನ್ನೂ ಏರಿತು. ಒಂದನೇ ಮಹಾಯುದ್ಧ ಬಂದಾಗ ಜರ್ಮನ್ ಮಿಶನರಿಗಳು ಬಂಧಿಗಳಾದರು, ಉದ್ದಿಮೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹೊರಗಿನವರು ಹೊರಟುಹೋದ ಮೇಲೂ ಇಲ್ಲಿಯ ಸಭೆಗಳು, ಶಾಲೆಗಳು ನಿಂತದ್ದು ಇಲ್ಲಿಯವರಿಂದಲೇ. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಹಳೆಯ ಕಡತಗಳನ್ನು ಒಪ್ಪಗೊಳಿಸಲು ಹಾವನೂರರು ಕುಳಿತಾಗ ಅವರಿಗೆ ಸಿಕ್ಕಿದ್ದು ಆ ಮೊದಲ ದಿನಗಳ ಕಾಗದಗಳೇ.

ಇತ್ತ ಜರ್ಮನಿಗೆ ಮರಳಿದ ಮೊಗ್ಲಿಂಗ್ ತನ್ನ ಸೀಮೆಯಲ್ಲೇ ಪಾದ್ರಿಯ ಕೆಲಸ ಮಾಡಿಕೊಂಡಿದ್ದರು. ಕನ್ನಡ ಮಾತ್ರ ಬಿಡಲಿಲ್ಲ. ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ವರ್ಷಾನುವರ್ಷ ದಾಸರ ಪದಗಳನ್ನು ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸುತ್ತ ಹೋದರು. ಮಂಗಳೂರಿನಲ್ಲಿ ಕುಳಿತು ಬೈಬಲ್ಲನ್ನು ಕನ್ನಡಿಗರಿಗೆ ಹೇಳಿದವರು, ವುರ್ಟೆಂಬರ್ಗಿನಲ್ಲಿ ಕುಳಿತು ಪುರಂದರದಾಸರನ್ನು ಜರ್ಮನರಿಗೆ ಹೇಳಿದರು. 1881ರ ಮೇ 10ರಂದು ಎಸ್ಲಿಂಗೆನ್‌ನಲ್ಲಿ ತೀರಿಕೊಂಡರು.

ಮರುವರ್ಷ ಗೆಳೆಯ ಗುಂಡರ್ಟ್ ಅವರ ಜೀವನಚರಿತ್ರೆ ಬರೆದು ಪ್ರಕಟಿಸಿದರು. 1893ರಲ್ಲಿ ಕೌಂಡಿನ್ಯರು ಕಣ್ಮುಚ್ಚಿದರು. ಅದರ ಮರುವರ್ಷ, 1894ರಲ್ಲಿ, ಸುಮಾರು 70 ಸಾವಿರ ಶಬ್ದಗಳ ಕಿಟ್ಟೆಲ್ ನಿಘಂಟು ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹೊರಬಂತು. ಮುಂಬಯಿಯಿಂದ ತಂದ ಕಲ್ಲಿನಿಂದ ಶುರುವಾಗಿದ್ದ ಅದೇ ಅಚ್ಚುಕೂಟ.